ಕೂದಲು ಹೊದ್ದ ಪಾತಿ

ಊರಿನ ಅರ್ಧ ತಲೆಗಳನ್ನು ಹಗುರ ಮಾಡಿದ್ದ ಕ್ಷೌರಿಕನಿಗೆ ತನ್ನ ತಲೆಭಾರ ಇಳಿಸಿಕೊಳ್ಳುವುದು ಗೊತ್ತಿರಲಿಲ್ಲ. ಹೆಂಡತಿ ಸೊಂಟ ಮುರಿದುಕೊಂಡು ಹಿಂಬದಿಯ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮೊದಮೊದಲು ನೋವಿಗೆ ಕೂಗುತ್ತಿದ್ದಳು, ಆಮೇಲೆ ಗಂಡನ ಮೇಲೆ ಕೂಗುತ್ತಿದ್ದಳು, ಈಚೆಗೆ ಕೂಗುವುದನ್ನೇ ಬಿಟ್ಟಿದ್ದಳು. ಅವನಿಗೆ ಭಯವಾಗಿದ್ದು ಅದಕ್ಕೇ. ತುತ್ತು ಹಿಡಿದರೆ ಗೋಡೆಯ ಕಡೆ ತಿರುಗುತ್ತಿದ್ದಳು.

ಒಮ್ಮೆ ಮಾತ್ರ ಬಾಯಿಬಿಟ್ಟಿದ್ದಳು. "ಆ ಮರದಡಿ ಏನಾದ್ರೂ ಹಸಿರಾದ್ರೆ ಎದ್ದು ಕೂತು ನೋಡ್ತೀನಿ."

ಕಿಟಕಿಯಾಚೆಯ ಆ ಮರ ಬಿಸಿಲನ್ನೂ ಕೆಳಗಿಳಿಸದು, ಮಳೆಯನ್ನೂ ಕೆಳಗಿಳಿಸದು. ಬುಡದ ಪಾತಿಯಲ್ಲಿ ಮರದ ಬೇರುಗಳನ್ನು ಬಿಟ್ಟರೆ ಬರೀ ಪುಡಿಮಣ್ಣು. ಎಷ್ಟೋ ಬೋಳುತಲೆಗಳನ್ನು ಸಮಾಧಾನಪಡಿಸಿದವನು ಈ ಬೋಳಿನ ಮುಂದೆ ಕೈಕಟ್ಟಿ ನಿಂತ.

ಹೆಂಡತಿಯ ತಂಗಿ ಪಟ್ಟೆ ಎಲೆಯ ಸಸಿಗಳನ್ನು ತಂದುಕೊಟ್ಟಳು. "ನೆರಳಿಗೆ ಹೇಳಿ ಮಾಡಿಸಿದ ಗಿಡ, ಭಾವ. ಬೇರು ಹಿಡಿಯೋವರೆಗೂ ನೀರು ಹಾಕಿ. ಮೇಲೆ ಏನಾದ್ರೂ ಹೊದಿಸಿ, ತೇವ ಆರಲ್ಲ."

ಹೊದಿಸಲು ಅವನ ಅಂಗಡಿಯಲ್ಲಿ ಏನು ಕಮ್ಮಿ? ಸಸಿಗಳನ್ನು ನೆಟ್ಟು, ಗಿರಾಕಿಗಳ ಕೂದಲನ್ನು ಗೋಣಿಗಟ್ಟಲೆ ತಂದು, ಒಣಮಣ್ಣಿನ ಮೇಲೆ ದಪ್ಪಗೆ ಹರಡಿ, ಅಂಗೈಯಿಂದ ಒತ್ತಿ ನುಣುಪು ಮಾಡಿದ. ಎಂಥ ತಲೆಯನ್ನೂ ತೋಯಿಸುತ್ತಿದ್ದ ಅಂಗಡಿಯ ಸ್ಪ್ರೇ ಬಾಟಲಿಯಿಂದಲೇ ದಿನಾ ನೀರು ಚಿಮುಕಿಸಿದ. ಹನಿಗಳು ಕೂದಲ ಮೇಲೆ ಮಿರಿಮಿರಿ ಮಿನುಗಿದವು. ಅವನಿಗೆ ಅಷ್ಟೇ ಸಾಕಾಯಿತು.

"ಚಿಗುರಿದೆ ಕಣೆ," ಎಂದ ಒಂದು ಮಧ್ಯಾಹ್ನ. ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು. ಮರುದಿನ ಎಲೆ ಬಂತೆಂದ, ಇನ್ನೊಂದು ದಿನ ಪೊದೆಯಾಯಿತೆಂದ. ಆ ಹಿತ್ತಲಲ್ಲಿ ಗೊಬ್ಬರವಿಲ್ಲದೆ ಬೆಳೆದದ್ದು ಅವನ ಸುಳ್ಳೊಂದೇ. ಮಲಗಿದವಳಿಗೆ ಕೊಂಬೆ ಕಾಣುತ್ತಿತ್ತೇ ಹೊರತು ನೆಲ ಕಾಣುತ್ತಿರಲಿಲ್ಲ.

ಮನೆಗೆ ಬಂದು ನೋಡುತ್ತಿದ್ದ ನರ್ಸ್ ಖುಷಿಯಿಂದ ಹೇಳಿದಳು, "ಚೆನ್ನಾಗಿ ತಿಂತಿದಾರೆ. ನಾಳೆ ಕಿಟಕಿ ಹತ್ರ ಕೂರಿಸೋಣ."

ಅವನು ಹಿತ್ತಲಿಗೆ ಓಡಿದ. ಕೂದಲು ಎತ್ತಿದರೆ ಕಂಬಳಿಯಂತೆ ಒಂದೇ ತುಂಡಾಗಿ ಬಂತು. ಅಡಿಯ ಮಣ್ಣು ಮೊದಲ ದಿನದ ಪುಡಿಯೇ. ಒಂದು ಹನಿಯೂ ಇಳಿದಿರಲಿಲ್ಲ. ಸಸಿಗಳು ಒಣಗಿ ಹುಲ್ಲುಕಡ್ಡಿಗಳಾಗಿದ್ದವು. ಪ್ಲಾಸ್ಟಿಕ್ ಗಿಡ ತಂದು ನೆಡಲೇ ಎಂದೂ ಯೋಚಿಸಿದ. ಕೊನೆಗೆ ಏನೂ ತೋಚದೆ ಕೂದಲನ್ನು ಇದ್ದ ಹಾಗೇ ಮುಚ್ಚಿದ.

ಬೆಳಿಗ್ಗೆ ಅವನೂ ನರ್ಸೂ ಸೇರಿ ಅವಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಅವಳು ಬಗ್ಗಿ ನೋಡಿದಳು.

"ರೀ, ಏನದು?"

"ಹೊದಿಕೆ."

"ಊರವರ ತಲೆಗೂದಲು," ಎಂದಳು.

ಅವನು ಕಿಟಕಿಯ ಕಂಬಿ ಒರೆಸತೊಡಗಿದ.

"ಪೊದೆಯಾಗಿದೆ ಅಂದ್ರಲ್ಲ."

"ನೀನು ಊಟ ಮಾಡ್ತಿದ್ದೆ," ಎಂದ ನೆಲ ನೋಡುತ್ತ.

ಅವಳು ಮಾತಾಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ ಅನ್ನಿಸಿತು ಅವನಿಗೆ. ಈಗ ಗೋಡೆಗೆ ತಿರುಗಿದರೆ ಇವಳನ್ನು ಈಚೆ ತಿರುಗಿಸುವ ಸುಳ್ಳು ಯಾವುದೂ ಉಳಿದಿರಲಿಲ್ಲ.

"ಅದನ್ನ ಎತ್ತಿ ಬಿಸಾಕಿ," ಎಂದಳು ಕೊನೆಗೆ. "ಬಕೆಟ್ ತನ್ನಿ."

ಅವನು ಹಿತ್ತಲಿಗಿಳಿದು, ಕೂದಲು ಎತ್ತಿಹಾಕಿ ಸುರಿದ ನೀರು ಪುಡಿಮಣ್ಣಿನ ಮೇಲೆ ಜಾರಿ ಅತ್ತ ಹರಿಯಿತು.

"ನಿಧಾನ. ಅದು ಗಿರಾಕಿ ತಲೆಯಲ್ಲ, ತೊಳೆದು ಕಳಿಸೋಕೆ. ಒಂದೊಂದೇ ಚೊಂಬು, ಬುಡಕ್ಕೆ," ಎಂದಳು ಕಿಟಕಿಯಿಂದ.

"ಇವತ್ತಿಗೆ ಸಾಕಮ್ಮ, ಮಲಗಿ," ಎಂದಳು ನರ್ಸ್.

"ಇರು ತಾಯಿ. ಇವರನ್ನ ನಂಬೋ ಹಾಗಿಲ್ಲ."

ಅವಳು ಕಿಟಕಿ ಕಂಬಿಗೆ ಆತುಕೊಂಡೇ ಕೂತಿದ್ದದ್ದು ಅವನಿಗೆ ಕಂಡಿತ್ತು. ಆ ಕಡ್ಡಿಗಳ ಬೇರಿನಲ್ಲಿ ಜೀವವಿದೆಯೋ ಇಲ್ಲವೋ ತಿಳಿಯದು. ತಲೆ ಎತ್ತಿದರೆ ಎಲ್ಲಿ ಅವಳು ಮಲಗಿಬಿಡುವಳೋ ಎಂದು, ಬಗ್ಗಿದವನು ಬಗ್ಗಿದ ಹಾಗೇ ನೀರು ಹೊಯ್ಯುತ್ತಿದ್ದ.