ಎದುರುಮನೆ ಅಕ್ಕ ಬಿಟ್ಟುಕೊಡದ ಎಮ್ಮೆ

ಮೊನ್ನೆ ಡೈರಿ ಮುಂದೆ ದನಗಳಿಗೆ ಸೂಜಿ ಹಾಕುತ್ತಿದ್ದರು. ಹತ್ತಿಗೆ ಸುರಿದ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಕ್ಕ ನೆನಪಾದಳು. ದೇವರಂಥ ಹೆಂಗಸು ಎಂದು ಬರೆಯಲಾರೆ. ಬಾಯಿ ತೆರೆದರೆ ಬೈಗುಳ. ಅವಳ ಜಗುಲಿ ದಾಟುವಾಗ ಗಂಡಸರೂ ಬೀಡಿ ಆರಿಸಿಕೊಳ್ಳುತ್ತಿದ್ದರು...

ನಮ್ಮೂರು ಗುಂಡ್ಲುಪೇಟೆಯಿಂದ ಕೇರಳದ ದಾರಿಯಲ್ಲಿರುವ ಮದ್ದೂರಿನ ಕಡೆಗೆ, ಕಾಡಿನ ಅಂಚಿನಲ್ಲಿದೆ. ನಾನು ಸೊಸೆಯಾಗಿ ಬಂದಾಗಲೇ ಅಕ್ಕನ ಗಂಡ ತೀರಿಕೊಂಡಿದ್ದ. ಅವಳಿಗಿದ್ದದ್ದು ಒಬ್ಬ ಮಗಳು, ಒಂದು ಎಮ್ಮೆ. ಎಮ್ಮೆಯ ಹಾಲು ಡೈರಿಗೆ ಹೋದರೆ ಆ ಮನೆಯ ಒಲೆ ಉರಿಯುತ್ತಿತ್ತು.

ಒಂದು ವರ್ಷ ಮಳೆ ನಿಂತ ಮೇಲೆ ಕಾಡಿನ ಕಡೆಯಿಂದ ದೊಡ್ಡ ನೊಣಗಳು ಬಂದವು. ಅನ್ನದ ಮೇಲೆ ಕೂರುವ ನೊಣವಲ್ಲ, ಹಗಲು ಹೊತ್ತಿನಲ್ಲಿ ದನದ ಹೊಟ್ಟೆ ಕಚ್ಚಿ ರಕ್ತ ಇಳಿಸುವ ನೊಣ. ದನ ಬಾಲ ಬೀಸಿದರೆ ಅರ್ಧ ಊಟಕ್ಕೇ ಎದ್ದು, ಪಕ್ಕದ ದನದ ಮೇಲೆ ಕೂತು ಉಳಿದದ್ದನ್ನು ಮುಗಿಸುತ್ತಿತ್ತು. ಇದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ನೋಡಿ ಏನು ಬಂತು?

ಅಕ್ಕನ ಎಮ್ಮೆ ಮೇವು ಬಿಟ್ಟಿತು. ಜ್ವರ ಬರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಆಗ ಊರಿನಲ್ಲಿ ದನಗಳಿಗೆ ಮದ್ದು ಮಾಡುತ್ತಿದ್ದ ಒಬ್ಬ ಹಿರಿಯನಿದ್ದ. ಮದ್ದಿನಯ್ಯ ಎನ್ನುತ್ತಿದ್ದೆವು. ಅವನು ಬಂದು, ಕೆಟ್ಟ ರಕ್ತ ಹೋಗಲಿ ಎಂದು ಎಮ್ಮೆಯ ಕಿವಿ ಕೊಯ್ದ. ಆಮೇಲೆ, ಕಾಯಿಲೆ ಹರಡದಿರಲಿ ಎಂದು ಅದೇ ಕತ್ತಿಯಲ್ಲಿ ಬೀದಿಯ ಎಲ್ಲ ದನಗಳ ಕಿವಿಯನ್ನೂ ಕೊಯ್ಯುತ್ತಾ ಹೋದ. ನಮ್ಮ ಎತ್ತಿನದ್ದೂ ಆಯಿತು. ಅದು ಹಿಂದಿನಿಂದ ಬಂದ ರೂಢಿ. ಯಾರೂ ಬೇಡ ಎನ್ನಲಿಲ್ಲ.

ಎಮ್ಮೆ ಗುಣವಾಗಲಿಲ್ಲ. ಗೂಟದ ಸುತ್ತ ಒಂದೇ ಸಮನೆ ಸುತ್ತು ಹೊಡೆಯತೊಡಗಿತು, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲತೊಡಗಿತು. ಬೀದಿಯಲ್ಲಿ ಗುಸುಗುಸು ಎದ್ದಿತು.

"ಹುಚ್ಚುನಾಯಿ ಕಚ್ಚ್ಯದೆ ಕಣವ್ವ ಇದ್ಕೆ. ಕೇರಳದ ಕಸಾಯಿ ಲಾರಿಗೆ ಅತ್ತಿಸ್ಬುಡು, ಮಕ್ಳು ಮರಿ ಓಡಾಡೋ ಜಾಗ" ಎಂದ ಮದ್ದಿನಯ್ಯ. ಗಂಡಸರೆಲ್ಲ ತಲೆಯಾಡಿಸಿದರು, ನಮ್ಮನೆಯವರೂ.

ಅಕ್ಕ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಎಮ್ಮೆ ಅತ್ತಿಸೋನು ಮೊದ್ಲು ನನ್ನ ಅತ್ತಿಸ್ಲಿ. ಬನ್ರಲಾ, ಯಾವನ್ ಸೊಂಟ ಗಟ್ಟಿಯಾಗ್ಯದೆ ನೋಡ್ತೀನಿ."

ಯಾರ ಸೊಂಟವೂ ಗಟ್ಟಿಯಿರಲಿಲ್ಲ.

ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದಳು. ದನದ ಡಾಕ್ಟರನ್ನು ಕರೆದುಕೊಂಡೇ ಬಂದಳು. ಪಾಪ, ಮೀಸೆ ಸರಿಯಾಗಿ ಬಲಿಯದ ಹುಡುಗ. ಡೈರಿ ಜಗುಲಿಯ ಮೇಲೆ ರಕ್ತ ನೋಡುವ ಯಂತ್ರ ಇಟ್ಟು, ಅದರ ಬುಡದ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದ. ಎಮ್ಮೆಯ ರಕ್ತದ ಹನಿಯನ್ನು ಗಾಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ. ಏನೂ ಕಾಣಲಿಲ್ಲ.

ಊರು ನಕ್ಕಿತು. "ಎಮ್ಮೇಗೆ ಫೋಟೋ ತೆಗ್ಸುದ್ಲು" ಎಂದು ಯಾರೋ ಅಂದರು.

ಡಾಕ್ಟರು ಮಾತ್ರ ನಗಲಿಲ್ಲ. ಅವನು ಅಕ್ಕನಿಗೆ ಹೇಳಿದ್ದನ್ನು ನಾನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ರಕ್ತದಲ್ಲಿ ಒಂದು ಜಾತಿಯ ಹುಳ ಸೇರುತ್ತದಂತೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ದನದ ಮೈ ಅದರ ಗುರುತು ಹಿಡಿದು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಅಷ್ಟರಲ್ಲಿ ಉಳಿದ ಕೆಲವು ಹುಳಗಳು ತಮ್ಮ ಮೈಮೇಲಿನ ಅಂಗಿ ಬದಲಾಯಿಸಿಬಿಡುತ್ತವೆ. ಮೈಗೆ ಮತ್ತೆ ಗುರುತು ಸಿಗುವ ತನಕ ಅವು ಹೆಚ್ಚುತ್ತಾ ಹೋಗುತ್ತವೆ, ಜ್ವರ ಏರುತ್ತದೆ. "ಜ್ವರ ಏರಿದಾಗ ಹೇಳಿ ಕಳ್ಸಿ, ಅಮ್ಮ. ಇಳಿದಾಗ ನೋಡಿದ್ರೆ ಸಿಗಲ್ಲ" ಎಂದ.

ಅಕ್ಕ ಕೊಟ್ಟಿಗೆಯಲ್ಲೇ ಬೀಡುಬಿಟ್ಟಳು. ಎಮ್ಮೆಯ ಕಿವಿಯ ಬುಡಕ್ಕೆ ಅಂಗೈ ಇಟ್ಟು ಇಟ್ಟು ನೋಡುತ್ತಿದ್ದಳು. ನಮ್ಮ ಎತ್ತು ಅಷ್ಟು ಹೊತ್ತಿಗೆ ಮೇವು ಬಿಟ್ಟಿತ್ತು, ಕೊನೆಮನೆಯ ಹಸುವೂ. ಎಲ್ಲರೂ ಅಕ್ಕನನ್ನೇ ಶಪಿಸಿದರು. ಒಂದು ಬೆಳಿಗ್ಗೆ ಓಡಿ ಬಂದಳು.

"ಕೆಂಡ ಆಗ್ಯದೆ ಕಣಮ್ಮಿ! ನಿನ್ ಗಂಡನ್ನ ಸೈಕಲ್ ಅತ್ತುಸ್ ಈಗ್ಲೇ!"

ನಮ್ಮನೆಯವರು ಗೊಣಗಿದರು. ನಾನೇ ಸೈಕಲ್ ಹೊರಗೆ ತಳ್ಳಿ ನಿಲ್ಲಿಸಿದೆ. ಹೋದರು.

ಡಾಕ್ಟರು ಬಂದು ಮತ್ತೆ ಜಗುಲಿಯ ಮೇಲೆ ಯಂತ್ರ ಇಟ್ಟ. ಆವತ್ತು ಹುಳಗಳು ಸಿಕ್ಕವು. ನಾನೂ ಒಂದು ಕಣ್ಣು ಮುಚ್ಚಿ ನೋಡಿದೆ. ದುಂಡಗಿನ ರಕ್ತದ ಕಣಗಳ ನಡುವೆ ಸಣ್ಣ ಸಣ್ಣ ಎಳೆಗಳು, ನೀರು ಬತ್ತಿದ ಕೆರೆಯ ಮೀನಿನಂತೆ ಒದ್ದಾಡುತ್ತಾ, ಕಣಗಳನ್ನು ತಳ್ಳಿಕೊಂಡು ಓಡುತ್ತಿದ್ದವು. ನನಗೆ ಹೇಸಿಗೆಯಾಯಿತು. ಅಕ್ಕ ಮಾತ್ರ ಕಣ್ಣು ಕೀಳಲಿಲ್ಲ. "ಸಿಕ್ಕುದ್ರಲ್ಲ, ಬೇವರ್ಸಿಗಳಾ" ಎಂದಳು.

ಕಚ್ಚುವ ನೊಣದ ಹೊಟ್ಟೆಯಲ್ಲಿ ಈ ಹುಳ ಬೆಳೆಯುವುದಿಲ್ಲವಂತೆ. ಬಾಯಿಗೆ ಮೆತ್ತಿದ ರಕ್ತ ಆರುವ ಮುಂಚೆ ನೊಣ ಇನ್ನೊಂದು ದನವನ್ನು ಕಚ್ಚಿದರೆ ಸಾಕು, ದಾಟಿಬಿಡುತ್ತದೆ. ಡಾಕ್ಟರು ಇಷ್ಟು ಹೇಳಿದ್ದೇ ಅಕ್ಕ, ಜಗುಲಿಯ ಕೊನೆಯಲ್ಲಿ ಕೂತಿದ್ದ ಮದ್ದಿನಯ್ಯನ ಕಡೆ ತಿರುಗಿದಳು. ಅವಳ ದನಿ ಎಂದೂ ಅಷ್ಟು ತಣ್ಣಗಿರಲಿಲ್ಲ.

"ಅಂಗಾರೆ ನಿನ್ ಕತ್ತೀನೂ ನೊಣಾನೇ ಕಣಣ್ಣಾ."

ಡಾಕ್ಟರು ಹೌದೆಂದ. ಮದ್ದಿನಯ್ಯ ಕತ್ತಿಯನ್ನು ಪಂಚೆಗೆ ಸಿಕ್ಕಿಸಿಕೊಂಡು ಎದ್ದು ಹೋದ. ಕೊನೆಮನೆಯ ಹಸು ಉಳಿಯಲಿಲ್ಲ. ನಮ್ಮ ಎತ್ತು ಸೂಜಿಗೆ ಚೇತರಿಸಿಕೊಂಡಿತು. ಗಬ್ಬವಾಗಿದ್ದ ಅಕ್ಕನ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು, ಒಂದು ಕಣ್ಣಿಗೆ ಪೊರೆ ಬಂತು, ಆದರೂ ಎದ್ದು ನಿಂತಿತು. ಮತ್ತೆ ಗಬ್ಬವಾಗಿ, ಈದು, ಡೈರಿಗೆ ಹಾಲು ಹೋಗುವ ತನಕ ಅಕ್ಕ ನಡುಹಗಲಲ್ಲೂ ಕೊಟ್ಟಿಗೆಗೆ ಸಗಣಿ ಹೊಗೆ ಹಾಕಿ, ಅದರ ಮೈಗೆ ಒದ್ದೆ ಗೋಣಿ ಹೊದಿಸಿ ಕಾದಳು. "ಒಕ್ಕಣ್ಣಿ ಎಮ್ಮೆ ಹಾಲು" ಎಂದು ಹಂಗಿಸಿದವನಿಗೆ, "ನಿಂಗೆ ಎರಡ್ ಕಣ್ಣವೆ, ಒಂದ್ ತಂಬ್ಗೆ ಹಾಲ್ ಕರಿ ನೋಡನ" ಎಂದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಜಗಳಗಂಟಿ ಎಂದು ಈಗಲೂ ಅನ್ನುತ್ತಾರೆ. ಹೌದು, ಜಗಳಗಂಟಿಯೇ. ಜಗಳವಾಡದಿದ್ದರೆ ಆ ಎಮ್ಮೆ ಲಾರಿ ಹತ್ತುತ್ತಿತ್ತು, ನಮ್ಮ ಎತ್ತು ಮಣ್ಣಾಗುತ್ತಿತ್ತು.

ಈಗ ಬೀದಿಯಲ್ಲಿ ದನಕ್ಕೆ ಜ್ವರ ಬಂದರೆ ನನ್ನ ಬಾಗಿಲಿಗೆ ಬರುತ್ತಾರೆ. ಡಾಕ್ಟರಿಗೆ ಫೋನ್ ಮಾಡ್ರಪ್ಪ, ರಕ್ತ ತೆಗೆಸಿ ಎನ್ನುತ್ತೇನೆ. ನಾಳೆ ನೋಡೋಣ ಎನ್ನುತ್ತಾರೆ. ಮಂಡಿನೋವಿದ್ದರೂ ಹೋಗಿ, ಅವರು ಫೋನ್ ಮಾಡುವ ತನಕ ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ನಿಲ್ಲುವುದೇನೋ ಬಂತು. ಅವಳಂತೆ ಬೈಯುವುದು ಮಾತ್ರ ಬರಲಿಲ್ಲ... ಒಂದು ಬೈಗುಳದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಮಧ್ಯಾಹ್ನದ ತನಕ ನಿಲ್ಲಬೇಕು.