ಶ್ಯಾಮಲಮ್ಮನ ಕ್ರೇಯಾನ್ ಬಾಟಲಿ

ಮೇಲೂರಿನಲ್ಲಿ ಶ್ಯಾಮಲಮ್ಮನ ಬೆರಳುಗಳ ವಿಷಯ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೂತು, ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ, ಆ ಬೆರಳ ತುದಿಗಳಿಗೆ ಬಿಸಿ ಅನ್ನುವುದೇ ಮರೆತುಹೋಗಿದೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಾಳೆ. ಎದುರು ಮನೆಯ ಅಂಗನವಾಡಿ ಟೀಚರ್ ನಾನು, ಕಲ್ಯಾಣಿ. ಇಷ್ಟು ವರ್ಷ ನೋಡಿದರೂ ನನಗೆ ಮೈ ಜುಮ್ಮೆನ್ನುವುದು ತಪ್ಪಿಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. ತೊಂಡೇಬಾವಿಯಲ್ಲಿರುವ ತಮ್ಮ ರಮೇಶ್‌ಬಾಬು, ಹೆಂಡತಿ ತೀರಿಕೊಂಡಾಗ, ಹತ್ತು ತಿಂಗಳ ಮಗಳು ತನುಜಳನ್ನು ತಂದು ಅಕ್ಕನ ಮಡಿಲಿಗೆ ಹಾಕಿದ. ಮಗು ಇವಳನ್ನೇ ಅಮ್ಮ ಎಂದು ಕರೆಯಿತು. ನಮ್ಮ ಅಂಗನವಾಡಿಗೆ ಬಂದಾಗ ಅದಕ್ಕೊಂದು ಕೆಟ್ಟ ಅಭ್ಯಾಸ. ಕ್ರೇಯಾನ್ ಕೊಟ್ಟರೆ ಮೊದಲು ಕಚ್ಚುವುದು, ಆಮೇಲೆ ಬಣ್ಣ ಹಚ್ಚುವುದು. ಬೈದು ಬೈದು ನನ್ನ ಗಂಟಲೇ ಒಣಗಿತು, ಅದು ಬಿಡಲಿಲ್ಲ.

ತನುಜಳಿಗೆ ಏಳು ವರ್ಷವಾದಾಗ ರಮೇಶ್‌ಬಾಬು ಮಾಲಾ ಎಂಬಾಕೆಯನ್ನು ಮದುವೆಯಾಗಿ ಮಗಳನ್ನು ಕರೆದುಕೊಂಡು ಹೋದ. ಮಗಳು ಅವನದು, ತಪ್ಪೇನಿಲ್ಲ. ಮಾಲಾ ಕೂಡ ಒಳ್ಳೆಯವಳು. ತೊಂದರೆ ಇರುವುದೇ ಅಲ್ಲಿ. ಕೆಟ್ಟವಳಾಗಿದ್ದರೆ ಬೀದಿಯ ಹೆಂಗಸರೆಲ್ಲ ಸೇರಿ ಬಾಯಿ ತುಂಬ ಬೈದು ಹಗುರಾಗಬಹುದಿತ್ತು. ಈಗ ಯಾರನ್ನು ಬೈಯುವುದು? ಶ್ಯಾಮಲಮ್ಮ ಒಳಗೊಳಗೇ ಬೇಯುತ್ತಿದ್ದಳು. ಮಗುವಿನ ಬಾಯಲ್ಲಿ ಮಾಲಾ ಅಮ್ಮ ಆದಳು, ಇವಳು ಅತ್ತೆಯಾದಳು.

ಉಳಿದದ್ದು ಒಂದು ಉಪ್ಪಿನಕಾಯಿ ಬಾಟಲಿ, ಅದರ ತುಂಬ ಕ್ರೇಯಾನ್ ಚೂರುಗಳು. ಒಂದೊಂದರ ಮೇಲೂ ಪುಟ್ಟ ಹಲ್ಲಿನ ಗುರುತು. ಸಂಜೆ ಜಗಲಿಯ ಮೇಲೆ ಕೂತು ಅವನ್ನು ಹರಡಿಕೊಳ್ಳುತ್ತಿದ್ದಳು.

"ಇದು ನೋಡೇ ಕಲ್ಯಾಣಿ, ಮುಂದಿನ ಹಲ್ಲು ಬಿದ್ದಾಗಿಂದು. ನಡುವೆ ಗುರುತೇ ಇಲ್ಲ."

"ನಾಲ್ಕು ವರ್ಷ ಆಯ್ತು ಕಣೇ, ಎತ್ತಿ ಬಿಸಾಕು," ಎಂದು ನಾನು ಸಿಡುಕುತ್ತಿದ್ದೆ. ಬಿಸಾಕಲಿ ಎಂದಲ್ಲ. ಅವಳ ಮುಖ ನೋಡಲಾಗುತ್ತಿರಲಿಲ್ಲ.

ಈ ದಸರಾ ರಜೆಗೆ ಮುಂಚೆ ತನುಜಳ ಫೋನ್ ಬಂತು. "ಅತ್ತೆ, ಶನಿವಾರ ಬರ್ತೀನಿ. ಕ್ರೇಯಾನ್ ಕರಗಿಸಿ ಚಿತ್ರ ಮಾಡೋದು ಮೊಬೈಲಲ್ಲಿ ನೋಡ್ದೆ. ಮಾಡಣ. ನನ್ನ ಹಳೇವೆಲ್ಲ ಇದಾವೆ ತಾನೆ? ಸುತ್ತಿರೋ ಪೇಪರ್ ಕಿತ್ತಿಟ್ಟಿರು."

ಹೂಂ ಎಂದುಬಿಟ್ಟಳು. ಫೋನ್ ಇಟ್ಟ ಮೇಲೆ ಸಂಕಟ ಶುರುವಾಯಿತು. ಕೊಟ್ಟರೆ ಆ ಗುರುತುಗಳು ಕರಗಿಹೋಗುತ್ತವೆ, ಕೊಡದಿದ್ದರೆ ಮಗುವಿನ ಮುಖ ಸಣ್ಣದಾಗುತ್ತದೆ. ಅಂಗಡಿಯಿಂದ ಹೊಸದು ತರೋಣ ಎಂದೆ.

"ಹಳೇವು ಬೇಕು ಅಂದಿದಾಳೆ. ಅವಳಿಗೂ ನೆನಪಿದಾವಲ್ಲ," ಎಂದಳು. ಚೆನ್ನಾಗಿ ಗುರುತಿರುವ ಮೂರನ್ನು ಮಾತ್ರ ಎತ್ತಿಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಪೇಪರ್ ಕೀಳಲು ಕೂತಳು. ಅಂಟು ಬಿಡಲಿಲ್ಲ. ರೇಷ್ಮೆ ಗೂಡಿನ ಅಂಟನ್ನು ಬಿಸಿನೀರಿನಲ್ಲಿ ಬಿಡಿಸಿ ಬಿಡಿಸಿ ಜೀವನ ಕಳೆದವಳಿಗೆ ಇನ್ನೇನು ಹೊಳೆಯಬೇಕು? ಒಲೆಯ ಮೇಲಿದ್ದ ನೀರಿಗೆ ಬೆರಳು ಅದ್ದಿ ನೋಡಿದಳು, ಉಗುರುಬೆಚ್ಚಗಿದೆ ಅನ್ನಿಸಿತು. ಬಾಟಲಿಯನ್ನು ಹಾಗೇ ಬೋರಲು ಹಾಕಿದಳು. ಆ ಮೂರನ್ನು ಆಮೇಲೆ ಆರಿಸಿಕೊಂಡರಾಯಿತು ಎಂದು.

ಅವಳ ಕೂಗಿಗೆ ನಾನು ಓಡಿದೆ. ಪಾತ್ರೆಯಲ್ಲಿ ಪೇಪರು ಚೂರುಗಳು ತೇಲುತ್ತಿದ್ದವು, ನೀರಿನ ಮೇಲೆ ಬಣ್ಣ ಹರಡಿತ್ತು. ಅವಳು ಎರಡೂ ಕೈಯನ್ನು ಆ ನೀರಿಗೆ ಹಾಕಿ ತಡಕುತ್ತಿದ್ದಳು. ಒಂದೂ ಸಿಗಲಿಲ್ಲ. ನೀರು ಆರಿದ ಮೇಲೆ ಕಂದು ಬಣ್ಣದ ಒಂದು ಬಿಲ್ಲೆ ಹೆಪ್ಪುಗಟ್ಟಿತು. ಅದನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡು ಕೂತವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಬೈದೆ. ಬೈಯುವಾಗ ನನಗೂ ಅಳು ಬಂತು.

ಶನಿವಾರ ರಮೇಶ್‌ಬಾಬು ಮಗಳನ್ನು ಬೈಕಿನಲ್ಲಿ ತಂದುಬಿಟ್ಟು, ಸಂಜೆ ಬರುತ್ತೇನೆಂದು ಹೋದ. ಹನ್ನೊಂದು ವರ್ಷದ ಹುಡುಗಿ ಅತ್ತೆಯ ಭುಜದವರೆಗೆ ಬೆಳೆದಿದ್ದಾಳೆ. ಬ್ಯಾಗಿನಿಂದ ಹೊಸ ಕ್ರೇಯಾನ್ ಡಬ್ಬಿ ತೆಗೆದಳು.

"ಹಳೇವು ಸಾಕಾಗಲ್ವೇನೋ ಅಂತ ಅಮ್ಮ ಇದನ್ನ ಕೊಡಿಸಿದ್ರು."

ಶ್ಯಾಮಲಮ್ಮ ಬಿಲ್ಲೆಯನ್ನು ತಂದು ತೋರಿಸಿದಳು. "ತಪ್ಪಾಗೋಯ್ತು ಕಣಮ್ಮ. ನಿನ್ನ ಹಲ್ಲಿನ ಗುರುತೆಲ್ಲ ಹೋಯ್ತು," ಎಂದು ಮಗುವಿನ ಎದುರು ಅತ್ತೇಬಿಟ್ಟಳು.

ತನುಜ ಬಿಲ್ಲೆಯನ್ನು ತಿರುಗಿಸಿ ನೋಡಿ ನಕ್ಕಳು. "ಅಯ್ಯೋ ಅತ್ತೆ! ಎಂಜಲು ಕ್ರೇಯಾನಿಗೆ ಯಾರಾದ್ರೂ ಅಳ್ತಾರಾ?"

ನನಗೆ ಆ ಹುಡುಗಿಗೆ ಒಂದು ಬಿಡೋಣ ಅನ್ನಿಸಿತು.

ಬ್ಯೂಟಿ ಪಾರ್ಲರಿನಿಂದ ನಾನು ಕೇಳಿ ತಂದಿದ್ದ ಹೇರ್ ಡ್ರೈಯರ್ ಇತ್ತು. ತನುಜ ಒಂದೊಂದು ಹೊಸ ಕ್ರೇಯಾನನ್ನೂ ಎರಡು ತುಂಡು ಮಾಡಿ, ಒಂದು ತುಂಡನ್ನು ರಟ್ಟಿನ ಮೇಲಂಚಿಗೆ ಸಾಲಾಗಿ ಅಂಟಿಸಿ, ರಟ್ಟನ್ನು ಗೋಡೆಗೆ ಒರಗಿಸಿ ಬಿಸಿಗಾಳಿ ಬಿಟ್ಟಳು. ಬಣ್ಣಗಳು ಕರಗಿ ಒಂದರ ಪಕ್ಕ ಒಂದು ಕೆಳಗಿಳಿದವು. ಶ್ಯಾಮಲಮ್ಮ ರಟ್ಟು ಹಿಡಿದು ಕೂತಿದ್ದಳು. ಬಿಸಿ ತೊಟ್ಟು ಬೆರಳ ಮೇಲೆ ಬಿದ್ದರೂ ಕದಲಲಿಲ್ಲ. ಅವಳು ನೋಡುತ್ತಿದ್ದದ್ದು ಚಿತ್ರವನ್ನಲ್ಲ, ಹುಡುಗಿಯ ಮುಖವನ್ನು. ಆ ಚಿತ್ರ ತನ್ನ ಗೋಡೆಗೆ ಬರುತ್ತದೆ ಎಂದುಕೊಂಡಿದ್ದಳು ಪಾಪ. ಮೊಳೆ ಕೂಡ ಹೊಡೆಸಿಟ್ಟಿದ್ದಳು.

ಮಧ್ಯಾಹ್ನ ಅತ್ತೆ ಒಬ್ಬಟ್ಟು ತಟ್ಟುವಾಗ ಹುಡುಗಿ ಹಿತ್ತಿಲಲ್ಲಿ ಒಬ್ಬಳೇ ಏನೋ ಮಾಡುತ್ತಿದ್ದಳು. ನಾನು ಹೋದಾಗ ಹಲ್ಲಿನ ಸಂದಿಯಲ್ಲೆಲ್ಲ ನೀಲಿ, ಹಸಿರು.

"ಎಂಥ ಮಿಠಾಯಿ ತಿಂದೆಯಮ್ಮ? ಹೋಗು, ಬಾಯಿ ತೊಳ್ಕೊ," ಎಂದು ಗದರಿದೆ. ತಲೆಯಲ್ಲಾಡಿಸಿ ಓಡಿದಳು.

ಸಂಜೆ ಬೈಕ್ ಬಂತು. "ಅಮ್ಮಂಗೆ ತೋರಿಸ್ಬೇಕು," ಎಂದು ತನುಜ ಚಿತ್ರವನ್ನು ಎದೆಗವಚಿಕೊಂಡು ಹಿಂದೆ ಕೂತಳು. ಶ್ಯಾಮಲಮ್ಮ ನಗುತ್ತಲೇ ಕೈ ಬೀಸಿದಳು. ಬೈಕ್ ತಿರುವಿನಲ್ಲಿ ಮರೆಯಾದ ಮೇಲೆ, ಖಾಲಿ ಮೊಳೆ ಇದ್ದ ಗೋಡೆಯ ಕಡೆ ನೋಡಲಾರದೆ ಅಡುಗೆಮನೆಗೆ ಹೋದಳು. ಅಲ್ಲಿಂದ ನನ್ನ ಹೆಸರು ಹಿಡಿದು ಕೂಗಿದಳು.

ಉಪ್ಪಿನಕಾಯಿ ಬಾಟಲಿ ಮತ್ತೆ ತುಂಬಿತ್ತು. ಚಿತ್ರಕ್ಕೆ ಬಳಸದೆ ಉಳಿದ ಅರ್ಧ ತುಂಡುಗಳು ಅವು, ಇಪ್ಪತ್ತನಾಲ್ಕು. ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದೆವು. ಪ್ರತಿಯೊಂದರ ಮೇಲೂ ಹಲ್ಲಿನ ಗುರುತು. ಪುಟ್ಟ ಹಲ್ಲಲ್ಲ, ಅಗಲ ಹಲ್ಲು, ಗಟ್ಟಿಯಾಗಿ ಕಚ್ಚಿದ್ದು.

ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ನಾಚಿಕೆಯಾಗಿ ನಾನು ಮುಖ ತಿರುಗಿಸಿದೆ.

ಬಾಟಲಿ ಈಗ ಒಲೆಯಿಂದ ದೂರ, ಕುಡಿಯುವ ನೀರಿನ ಮಡಕೆಯ ಪಕ್ಕದಲ್ಲಿದೆ. ಶ್ಯಾಮಲಮ್ಮ ದಿನಕ್ಕೆರಡು ಸಲ ಅದನ್ನು ಎತ್ತಿ, ಬೆಚ್ಚಗಾಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡುತ್ತಾಳೆ. ಬೆರಳನ್ನು ಅವಳು ನಂಬುವುದಿಲ್ಲ.