ಒಂದು ಗೇಣು ಮೇಲಿನ ಚಿಲಕ

ಅವತ್ತೂ ನನಗಿಂತ ಮೊದಲು ಎದ್ದವರು ಅತ್ತೆಯೇ. ಮುಳಬಾಗಿಲಿನ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನ ಬೆಳಗು ಶುರುವಾಗುತ್ತಿದ್ದದ್ದು ಅವರು ಮುಂಬಾಗಿಲಿನ ಚಿಲಕ ಸರಿಸುವ ಸದ್ದಿನಿಂದ. ಕಬ್ಬಿಣದ ಚಿಲಕ. ಅರ್ಧಕ್ಕೆ ಒಂದು ಸಲ ಸಿಕ್ಕಿಕೊಂಡು, ಗಂಟಲು ಸರಿಮಾಡಿಕೊಂಡಂತೆ ಗೊರ್ ಅಂದು, ಆಮೇಲೆ ಸರಿಯುತ್ತಿತ್ತು. ಅದರ ಹಿಂದೆಯೇ ಬಕೆಟ್ಟಿನ ಸದ್ದು, ನೀರು ಚೆಲ್ಲುವ ಸದ್ದು, ರಂಗೋಲಿ ಡಬ್ಬಿಯ ಮುಚ್ಚಳದ ಸದ್ದು. ಎಂಬತ್ತರ ದಶಕದ ಶುರುವಿನ ಆ ವರ್ಷ ಮೊದಲನೆಯ ಸದ್ದು ಮಾತ್ರ ಉಳಿದಿತ್ತು. ಬಾಗಿಲು ತೆರೆದು, ಮುಂದೇನು ಎಂಬುದು ಮರೆತು, ಅತ್ತೆ ಹೊಸಿಲ ಹತ್ತಿರ ನಿಂತುಬಿಡುತ್ತಿದ್ದರು. ನಾನು ಹಾಲು ಒಲೆಗಿಟ್ಟು ಬಂದು, ನೀರು ಹಾಕಿ, ರಂಗೋಲಿ ಎಳೆದು ಮುಗಿಸುವ ತನಕ ಹಾಗೇ ನಿಂತಿದ್ದು, "ಆ ಚುಕ್ಕಿ ಸೊಟ್ಟ ಆಯ್ತು ನೋಡು" ಅನ್ನುತ್ತಿದ್ದರು. ಅದನ್ನು ಮಾತ್ರ ಮರೆತಿರಲಿಲ್ಲ.

ಯಜಮಾನರಿಗೆ ಕೋಲಾರದಲ್ಲಿ ಕೆಲಸ. ದಿನಾ ಎಂಟರ ಬಸ್ಸು. ಅವತ್ತು ಹೊರಡುವ ಮೊದಲು ಅಡುಗೆಮನೆ ಕಟ್ಟೆಯ ಮೇಲೆ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಇಟ್ಟರು. ಪೇಪರಿನ ಮೇಲೆ ಎಣ್ಣೆ ಜಿನುಗಿತ್ತು. ಒಳಗೆ ಎರಡು ಚಿಲಕ, ಎರಡು ಹಿಡಿ, ಒಂದು ಪೊಟ್ಟಣ ಸ್ಕ್ರೂ.

"ಇವತ್ತು ಆಚಾರಿ ಬರ್ತಾನೆ. ಹಳೇದೆಲ್ಲ ಕೀಳ್ಸಿ ಇದನ್ನ ಹಾಕ್ಸು. ಮೇಲ್ಗಡೆ ಹಾಕ್ಸು. ಅಮ್ಮನ ಕೈಗೆ ಸಿಗ್ಬಾರ್ದು."

"ನೀವೂ ಇದ್ದಿದ್ರೆ ಚೆನ್ನಾಗಿರ್ತಿತ್ತು."

"ರಜ ಇಲ್ವಲ್ಲೇ," ಅಂದರು. ರಜ ಇತ್ತು. ನನಗೂ ಗೊತ್ತಿತ್ತು. ಹೊಸಿಲಲ್ಲಿ ನಿಂತಿದ್ದ ತಾಯಿಯ ಪಕ್ಕದಿಂದ ಸರಿದು ಇಳಿದು ಹೋದರು. ದಿನಾ "ಬರ್ತೀನಮ್ಮ" ಅನ್ನುತ್ತಿದ್ದವರು ಅವತ್ತು ಅನ್ನಲಿಲ್ಲ.

ಹಳೆಯ ಚಿಲಕಗಳು ಸವೆದು ಹೋಗಿದ್ದವು. ಕಂಬಿ ಸಣ್ಣಗಾಗಿ, ಅದು ಕೂರುವ ತೂತು ಅಗಲವಾಗಿ, ಬಾಗಿಲನ್ನು ಸುಮ್ಮನೆ ಎರಡು ಸಲ ಅಲ್ಲಾಡಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ನಮಗದು ವರ್ಷಗಳಿಂದ ಗೊತ್ತು. ಕಳ್ಳರು ಕದಿಯುವಂಥದ್ದೇನೂ ಮನೆಯಲ್ಲಿರಲಿಲ್ಲ. ಆದರೆ ಆ ತಿಂಗಳು ಅತ್ತೆ ಎರಡು ಸಲ ಹೊರಟುಹೋಗಿದ್ದರು. ಎರಡೂ ಮಧ್ಯಾಹ್ನವೇ, ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ. ಮೊದಲ ಸಲ ಪಕ್ಕದ ಮನೆಯಾಕೆ ಬಸ್ ಸ್ಟ್ಯಾಂಡಿನಲ್ಲಿ ನೋಡಿ ಕರೆತಂದರು. ಎರಡನೆಯ ಸಲ ನಂಗಲಿ ಕಡೆಯ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದರಂತೆ. ಲಾರಿಯವನು ಬ್ರೇಕ್ ಒತ್ತಿ, ಇಳಿದು ಬಂದು, ಬಾಯಿಗೆ ಬಂದಂತೆ ಬೈದು, ಆಮೇಲೆ ಮುಖ ನೋಡಿ ಕೈಹಿಡಿದು ಹುಣಸೆಮರದ ನೆರಳಿಗೆ ಕೂರಿಸಿದ್ದ. ಅತ್ತೆಯ ಒಂದೇ ಕಾಲಿಗೆ ಚಪ್ಪಲಿ ಇತ್ತು. "ಎಲ್ಲಿಗೆ ಹೊರಟಿದ್ರಿ ಅತ್ತೆ?" ಎಂದರೆ, "ಮಾ ಅಮ್ಮ ಎದುರು ಚೂಸ್ತಾ ಉಂಟಾದಿ," ಅಂದರು. ಅಮ್ಮ ಕಾಯ್ತಾ ಇರ್ತಾಳೆ ಎಂದು. ಗಡಿ ದಾಟಿದರೆ ಆಂಧ್ರದಲ್ಲಿ ಅವರ ತವರು. ಆ ಅಮ್ಮ ತೀರಿಕೊಂಡದ್ದು ನನ್ನ ಮದುವೆಗೂ ಮೊದಲು.

ಕೋಲಾರದ ಡಾಕ್ಟರು, "ವಯಸ್ಸಾಯ್ತಲ್ಲಮ್ಮ, ಹುಷಾರಾಗಿ ನೋಡ್ಕೊಳ್ಳಿ," ಅಂದು ಮುಂದಿನ ಚೀಟಿ ಕೈಗೆತ್ತಿಕೊಂಡಿದ್ದರು. ಕುರುಡುಮಲೆ ಗಣಪನಿಗೆ ಹರಕೆ ಹೊತ್ತೆವು. ಉಳಿದದ್ದು ಚಿಲಕ.

ಬಾಗಿಲಿನ ವಿಷಯದಲ್ಲಿ ನನಗೂ ಅತ್ತೆಗೂ ಹಳೆಯದೊಂದು ತಮಾಷೆಯಿತ್ತು. ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು, ಮನೆಮಾತು ಕನ್ನಡ. ಅವರದು ತೆಲುಗು. ಮದುವೆಯಾದ ವಾರದಲ್ಲೇ ಒಳಗಿನಿಂದ ಕೂಗಿದರು: "ಅಮ್ಮಾಯಿ, ತಲುಪು!" ಎಲ್ಲಿಗೆ ತಲುಪಬೇಕೋ ತಿಳಿಯದೆ ಸೆರಗು ಹಿಡಿದು ನಿಂತುಬಿಟ್ಟೆ. ತೆಲುಗಿನಲ್ಲಿ ತಲುಪು ಅಂದರೆ ಬಾಗಿಲು ಎಂದು ಯಜಮಾನರು ಸಂಜೆ ಬಂದು ನಗುತ್ತಾ ಹೇಳಬೇಕಾಯಿತು. "ನಮ್ಮ ಕಾನ್ವೆಂಟ್ ಸೊಸೆಗೆ ಬಾಗ್ಲು ಹಾಕೋಕೂ ಬರಲ್ಲ ಕಣೇ," ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನನಗೆ ರೋಷ. ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಮೊದಲ ಪಾಠವೇ ಬಾಗಿಲು ಹಾಕುವುದು. ಹಿಡಿಯನ್ನು ಅಂಗೈ ತುಂಬ ಹಿಡಿದು, ಉಸಿರು ಬಿಗಿಹಿಡಿದು, ಮೆಲ್ಲನೆ ಬಿಡಬೇಕು. ಸದ್ದಾದರೆ ಹತ್ತು ಸಲ ಹಾಕಿ ತೆಗೆಯಬೇಕು. ಅದನ್ನು ಅತ್ತೆಗೆ ಮಾಡಿ ತೋರಿಸಿದೆ. ಆ ಗೊರಗೊರ ಚಿಲಕವನ್ನೂ ಒಂಚೂರು ಸದ್ದಿಲ್ಲದೆ ಸರಿಸಿದೆ. ಅವರು ಗಲ್ಲದ ಮೇಲೆ ಬೆರಳಿಟ್ಟುಕೊಂಡು, "ಅಯ್ಯೋ, ಇದು ಕಳ್ಳರಿಗೆ ಕಲ್ಸೋ ವಿದ್ಯೆ ಅಲ್ವೇ!" ಅಂದಿದ್ದರು.

ಆಚಾರಿ ಹತ್ತೂವರೆಗೆ ಬಂದ. ನಡುವಯಸ್ಸಿನವನು, ಕಿವಿಯ ಹಿಂದೆ ಪೆನ್ಸಿಲ್ಲು. ಹಳೆಯ ಚಿಲಕವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡಿದ.

"ಇದು ನಮ್ಮಪ್ಪ ಹಾಕಿದ್ದಮ್ಮ. ಈಗ ಬರೀ ಮರ್ಯಾದೆಗೆ ಇದೆ ಅಷ್ಟೆ."

ಅತ್ತೆ ಅವನನ್ನು ಗುರುತು ಹಿಡಿದರು, ಅಥವಾ ಅವನಲ್ಲಿ ಅವನಪ್ಪನನ್ನು. "ಏನ್ಲಾ, ಬಿಸಿಲೇರಿದ ಮೇಲೆ ಬರ್ತೀಯ? ಉಳಿ ಮಸೆದ್ಯೋ ಇಲ್ವೋ? ಹೋದ ಸಲ ಬಾಗ್ಲನ್ನೆಲ್ಲ ಕಚ್ಚಿಹಾಕಿದ್ದೆ."

"ಮಸೆದಿದೀನಜ್ಜಿ. ಕಾಫಿ ಕೊಡ್ಸಿದ್ರೆ ಕಚ್ಚಲ್ಲ."

ಅತ್ತೆ ನಕ್ಕರು. ಬಹಳ ದಿನದ ಮೇಲೆ ಸರಿಯಾದ ಜಾಗದಲ್ಲಿ ನಕ್ಕಿದ್ದರು. ಅವನನ್ನು ಹಾಗೇ ಕಳಿಸಿಬಿಡಲೇ ಅನ್ನಿಸಿತು. ಆ ಒಂಟಿ ಚಪ್ಪಲಿ ನೆನಪಾಯಿತು. ಕಳಿಸಲಿಲ್ಲ.

"ಎಷ್ಟು ಎತ್ತರಕ್ಕಮ್ಮ?" ಆಚಾರಿ ದನಿ ತಗ್ಗಿಸಿ ಕೇಳಿದ. ಯಜಮಾನರು ವಿಷಯ ಹೇಳಿದ್ದರೆಂದು ಕಾಣುತ್ತದೆ. "ಅಜ್ಜಿ ಕೈ ಎಲ್ಲಿ ತನಕ ಎಟುಕುತ್ತೆ ಅಂತ ಗೊತ್ತಾಗ್ಬೇಕಲ್ಲ. ಅಂದಾಜಲ್ಲಿ ಹಾಕಿದ್ರೆ ನಾಳೆ ಮತ್ತೆ ಕೀಳ್ಬೇಕಾಗುತ್ತೆ."

ನಾನೇ ಕರೆದೆ. "ಅತ್ತೆ, ಇಲ್ಲಿ ಬನ್ನಿ. ಬಾಗಿಲಿಗೆ ಒರಗಿ ಕೈ ಮೇಲೆತ್ತಿ."

ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ರವಿಕೆಗೆ ಅಳತೆ ಕೊಡುವವರ ಹಾಗೆ ನೆಟ್ಟಗೆ ನಿಂತು ಬಲಗೈ ಎತ್ತಿದರು. ಬಳೆಗಳು ಜಾರಿ ಮೊಣಕೈ ಸೇರಿದವು. ಆಚಾರಿ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಅತ್ತೆ ನನ್ನ ಮುಖ ನೋಡಿದರು. ನನಗೆ ಇನ್ನೂ ಬೇಕಿದೆ ಎಂದುಕೊಂಡರೋ ಏನೋ, ತುದಿಗಾಲ ಮೇಲೆ ನಿಂತು, ಬೆರಳ ತುದಿಯನ್ನೂ ಚಾಚಿ, "ಚಾಲಾ? ಇಂಕಾ ಎತ್ತಾಲ್ನಾ?" ಅಂದರು. ಸಾಕಾ, ಇನ್ನೂ ಎತ್ತಬೇಕಾ?

"ಸಾಕು ಅತ್ತೆ."

ಅವರ ನಡುಬೆರಳಿನ ತುದಿಗೆ ಆಚಾರಿ ಒಂದು ಗೆರೆ ಹಾಕಿದ. ಅದರ ಮೇಲೆ ತನ್ನ ಗೇಣಿಟ್ಟು ಇನ್ನೊಂದು ಗೆರೆ ಹಾಕಿದ. ಹಿತ್ತಿಲ ಬಾಗಿಲಿಗೂ ಅದೇ ಅಳತೆ. ಆಮೇಲೆ ಹಿಡಿ ಕೈಗೆತ್ತಿಕೊಂಡು, "ಇದನ್ನ ಹೊರಗಡೆ ಮಾತ್ರ ಹಾಕ್ತೀನಮ್ಮ. ಒಳಗಡೆ ಇದ್ರೆ ಅಜ್ಜಿ ಹಿಡ್ಕೊಂಡು ಎಳೀತಾನೇ ಇರ್ತಾರೆ. ನೀವು ಚಿಲಕಾನೇ ಹಿಡ್ಕೊಂಡು ಎಳ್ಕೋಬಹುದು," ಅಂದ. ಹೂಂ ಅಂದೆ. ಅವನು ಹೇಳಿದ್ದು ಕೆಲಸದವನ ಮಾತು, ಸರಿಯಾದ ಮಾತು. ಆ ಹೂಂ ಮಾತ್ರ ನನ್ನದು.

ಹಳೆಯ ಚಿಲಕ ಕಿತ್ತಾಗ ಅದರ ಅಡಿಯಲ್ಲಿ ಮರ ಹೊಸದಾಗಿ, ಹಳದಿಯಾಗಿ ಕಂಡಿತು. ಚಿಲಕದ ಗುಬುಟಿನ ಒಂದು ಪಕ್ಕ ಹೆಬ್ಬೆರಳ ಅಳತೆಗೆ ಹಳ್ಳ ಬಿದ್ದಿತ್ತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಕೂರಲಿಲ್ಲ. ತೂತುಗಳಿಗೆ ಆಚಾರಿ ಮರದ ಚಕ್ಕೆ ಬಡಿದು, ಮಟ್ಟಮಾಡಿ, ಮರಳುಕಾಗದ ಉಜ್ಜಿದ. ಚೆನ್ನಾಗಿ ಉಜ್ಜಿದ. ಕಾಫಿ ಕುಡಿದು ಹೊರಟಾಗ ಅತ್ತೆ, "ನಿಮ್ಮಪ್ಪಂಗೆ ಕೇಳಿದೆ ಅಂತ ಹೇಳು," ಅಂದರು. "ಹೇಳ್ತೀನಜ್ಜಿ," ಅಂದ. ಅವನಪ್ಪ ಸತ್ತು ಹತ್ತು ವರ್ಷವಾಗಿತ್ತೇನೋ.

ಮಧ್ಯಾಹ್ನ ಮುದ್ದೆ ಉಂಡು ಅತ್ತೆ ಎಂದಿನ ಹಾಗೆ ಎದ್ದು ಬಾಗಿಲ ಹತ್ತಿರ ಹೋದರು. ನಾನು ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅವರ ಕೈ ನೇರವಾಗಿ ಹಳೆಯ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಒಂದು ಚೂರು ಕೆಳಗೆ ತಡವಿದರು. ಒಂದು ಚೂರು ಎಡಕ್ಕೆ. ಅಂಗೈಯಿಂದ ಇಡೀ ಹಲಗೆಯನ್ನು ಸವರಿದರು, ನೆಲ ಸಾರಿಸುವವರ ಹಾಗೆ. ತಲೆ ಎತ್ತಿದ್ದರೆ ಹೊಸ ಚಿಲಕ ಕಾಣುತ್ತಿತ್ತು. ಎತ್ತಲಿಲ್ಲ. ಹೊಡೆಯುತ್ತಾರೆ, ಕೂಗುತ್ತಾರೆ, ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ನನ್ನ ಕಡೆ ತಿರುಗಿ, ದಾರಿ ತಪ್ಪಿದವರು ಊರಿನವರನ್ನು ಕೇಳುವಷ್ಟು ವಿನಯದಿಂದ ಕೇಳಿದರು:

"ಈಡ ತಲುಪು ಉಂಡೆ ಗದಮ್ಮಾ?"

ಇಲ್ಲಿ ಬಾಗಿಲಿತ್ತಲ್ವಾ ಅಮ್ಮ? ಎದುರಿಗೇ ಇದ್ದ ಬಾಗಿಲು, ಕೈಗೆ ಸಿಗುವುದೇನೂ ಇಲ್ಲದೆ, ಅವರ ಪಾಲಿಗೆ ಗೋಡೆಯಾಗಿತ್ತು. ನನ್ನನ್ನು ಅವರು ಎಂದೂ ಅಮ್ಮ ಎಂದು ಕರೆದವರಲ್ಲ. ನಾನು ಸೊಪ್ಪಿನ ದಂಟು ಮುರಿಯುತ್ತಾ, "ಕೂತ್ಕೊಳ್ಳಿ ಅತ್ತೆ," ಅಂದೆ. ಬಂದು ಕೂತರು. ಮತ್ತೆ ಏಳಲಿಲ್ಲ. ದಿನಾ ಸಂಜೆ ಜಗಲಿಗೆ ಬಂದು ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದವರು ಅವತ್ತು ಅದನ್ನೂ ಕೇಳಲಿಲ್ಲ. ಗೋಡೆ ನೋಡಿಕೊಂಡು ಕೂತಿದ್ದರು. ನಾನು ಗೆದ್ದಿದ್ದೆ. ಇನ್ನು ಯಾವ ಲಾರಿಯೂ ಬ್ರೇಕ್ ಹಾಕಬೇಕಿರಲಿಲ್ಲ.

ಬೆಳಿಗ್ಗೆಯೇ ಪಕ್ಕದ ಮನೆಯಾಕೆ ಹೆಪ್ಪು ಕೇಳಿದ್ದರು. ದೀಪ ಹಚ್ಚುವ ಮೊದಲು ಕೊಟ್ಟುಬರೋಣವೆಂದು ಲೋಟದಲ್ಲಿ ಮೊಸರು ಹಾಕಿಕೊಂಡು ಎದ್ದೆ. ತುದಿಗಾಲ ಮೇಲೆ ನಿಂತು ಚಿಲಕ ಹಿಡಿದೆ. ಅಂಗೈ ತುಂಬ ಹಿಡಿದು, ಉಸಿರು ಬಿಗಿಹಿಡಿದು, ಮೆಲ್ಲನೆ ಎಳೆದೆ. ಎಣ್ಣೆ ಹಾಕಿದ ಹೊಸ ಚಿಲಕ; ಒಂಚೂರೂ ಸದ್ದಾಗಲಿಲ್ಲ. ಹೊರಗಿನ ಹಿಡಿಯಿಂದ ಬಾಗಿಲನ್ನೂ ಹಾಗೇ ಎಳೆದುಕೊಂಡೆ. ಅಲ್ಲೊಂದು ಬಾಗಿಲಿದೆ ಎಂದು ಅತ್ತೆಗೆ ತಿಳಿಯಲಿಲ್ಲ.

ಪಕ್ಕದ ಮನೆಯಾಕೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಅಜ್ಜಿ ಕಾಣ್ಲೇ ಇಲ್ಲ ಇವತ್ತು. ಊರಿಗೆ ಕಳಿಸಿಬಿಟ್ರಾ?" ಅಂದರು. ಒಂದು ಕಲ್ಲು ಸಿಕ್ಕಿತು, ಅಂಗಳಕ್ಕೆ ಎಸೆದರು. "ದಿನಾ ತವರು, ತವರು ಅಂತಿದ್ರು ಪಾಪ. ಅಂತೂ ತಲುಪಿದ್ರು ಅನ್ನಿ."